ಸೊಂಡೂರು ಬೆಟ್ಟದ ರೈಲುದಾರಿ

ಹೊಸಪೇಟೆಗೆ ಬಂದ ಯಾತ್ರಿಕರು ಹಂಪೆಯನ್ನು ಕಂಡೊಡನೆ ಹಿಂದಿರುಗುವುದೇ ವಾಡಿಕೆ. ಅಲ್ಲಿಂದ ದಕ್ಷಿಣಕ್ಕೆ ಸೊಂಡೂರಿನ ಬೆಟ್ಟಗಳನ್ನು ಹೊಕ್ಕು ಸ್ವಾಮಿಹಳ್ಳಿಯನ್ನು ಸೇರುವ ಕವಲು ರೈಲುದಾರಿಯನ್ನು ನೆನೆಯುವವರು ವಿರಳ. ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಆ ಕಬ್ಬಿಣದ ಹಾದಿಯೂ ಒಂದು ಶಾಸನವೇ ಸರಿ.

1876ರಿಂದ 1878ರವರೆಗಿನ ಧಾತು ಈಶ್ವರದ ಬರದಲ್ಲಿ ಬಳ್ಳಾರಿ ಸೀಮೆಯ ಜನರು ಅಸಂಖ್ಯರಾಗಿ ಮಡಿದರು. ಬೇರೆಡೆ ಧಾನ್ಯವಿದ್ದರೂ ತರುವ ಬಗೆಯಿರಲಿಲ್ಲ. ಮೇವು ನೀರಿಲ್ಲದೆ ಬಂಡಿಯ ಎತ್ತುಗಳೂ ಸತ್ತಿದ್ದುವು. ಈ ಕಠೋರವಾದ ಪಾಠದಿಂದಲೇ 1882ರಲ್ಲಿ ಸದರನ್ ಮರಾಠಾ ರೈಲ್ವೆ ಕಂಪೆನಿಯು ಹುಟ್ಟಿತು. ಹೊಸಪೇಟೆ, ಗದಗು, ಹುಬ್ಬಳ್ಳಿಗಳ ಮೂಲಕ ಸಾಗಿದ ಹಳಿಗಳು ಕ್ಯಾಸಲ್‌ರಾಕಿನ ಬಳಿ ಗೋವೆಯ ಘಟ್ಟದ ದಾರಿಯನ್ನು ಕೂಡಿ ಮರ್ಮಗೋವೆಯ ಬಂದರನ್ನು ಮುಟ್ಟಿದುವು.

ಅನ್ನವನ್ನು ಒಳತರಲು ಹುಟ್ಟಿದ ದಾರಿಯು ಮುಂದೆ ಅದಿರನ್ನು ಹೊರಗೊಯ್ಯಲು ಒದಗಿತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಘೋರ್ಪಡೆ ಅರಸರ ಸೊಂಡೂರು ಸಂಸ್ಥಾನದಲ್ಲಿ ಮ್ಯಾಂಗನೀಸಿನ ಗಣಿಗಳು ತೆರೆದುವು. 1949ರಲ್ಲಿ ಸಂಸ್ಥಾನವು ವಿಲೀನವಾದರೂ ಗಣಿಗಳು ನಿಲ್ಲಲಿಲ್ಲ. ಕಬ್ಬಿಣದ ಅದಿರಿನ ವ್ಯಾಪಾರವು ಬೆಳೆದು, ಕಡೆಗೆ ಮಿತಿಮೀರಿತು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಬೇಕಾಯಿತು. 2013ರಲ್ಲಿ ನಿರ್ಬಂಧಗಳೊಡನೆ ಮತ್ತೆ ಅವಕಾಶವಿತ್ತಿತು.

ಮಳೆಗಾಲದಲ್ಲಿ ಈ ಬೆಟ್ಟಗಳು ಹಸುರುಟ್ಟು ನಿಲ್ಲುವುವು. ನಾರಿಹಳ್ಳವು ಅವುಗಳನ್ನು ಸೀಳಿ ಹರಿಯುವುದು. ಕುಮಾರಸ್ವಾಮಿಯ ಪುರಾತನ ದೇವಾಲಯವು ಅದಿರಿನ ನೆಲದ ನಡುವೆಯೇ ಇರುವುದು. ಈ ಚೆಲುವನ್ನು ನೋಡಹೋಗುವವರು ಎದುರಿಗೆ ಬರುವ ಗೂಡ್ಸ್ ಗಾಡಿಯನ್ನೂ ನೋಡಲಿ. ಹಂಪೆಯಲ್ಲಿ ಉರುಳಿದ ಕಂಬವನ್ನು ಎತ್ತಿ ನಿಲ್ಲಿಸಬಹುದು. ವ್ಯಾಗನ್ನನ್ನೇರಿ ಹೋದ ಬೆಟ್ಟವು ಮರಳಿ ಬಾರದು.