ಸಹ್ಯಾದ್ರಿಯ ಪೂರ್ವದಂಚಿನಲ್ಲಿ ಗೌಜಲ ವರ್ಗದ ಹಕ್ಕಿಗಳ ನೆಲೆಯ ಆಯ್ಕೆ

ಹಿಮಾಲಯದಲ್ಲಿ ಗೌಜಲ ವರ್ಗದ ಹಕ್ಕಿಗಳ ನೆಲೆಯನ್ನು ಬಹುಮಟ್ಟಿಗೆ ಎತ್ತರವೇ ನಿರ್ಧರಿಸುತ್ತದೆ. ಹಿಮರೇಖೆಗೆ ಹತ್ತಿರದ ಹುಲ್ಲುಗಾವಲಿನಲ್ಲಿ ಹಿಮಗೌಜಲವೂ ಅದಕ್ಕಿಂತ ಕೆಳಗಿನ ಒಣ ಕಲ್ಲುಗುಡ್ಡಗಳಲ್ಲಿ ಚುಕಾರ್ ಹಕ್ಕಿಯೂ ವಾಸಿಸುತ್ತವೆ. ಉತ್ತರ ಕನ್ನಡದ ಜೋಯಿಡಾ, ದಾಂಡೇಲಿ, ಹಳಿಯಾಳ ಮತ್ತು ಮುಂಡಗೋಡ ತಾಲ್ಲೂಕುಗಳಿಗೆ ಆ ಅಳತೆಗೋಲು ಸಲ್ಲದು. ಘಟ್ಟದ ಮೇಲಿನ ಈ ಸೀಮೆಯಲ್ಲಿ ಎತ್ತರದ ಏರಿಳಿತ ಅಲ್ಪ. ಮಳೆಯ ವ್ಯತ್ಯಾಸವಾದರೋ ಅಗಾಧ. ಜೋಯಿಡಾದ ಕ್ಯಾಸಲ್‌ರಾಕ್ ಸುತ್ತ ವರ್ಷಕ್ಕೆ 4000 ಮಿ.ಮೀ. ಮೀರಿ ಸುರಿಯುವ ಮಳೆ, ಮುಂಡಗೋಡದ ಬಯಲಂಚಿಗೆ ಬರುವಷ್ಟರಲ್ಲಿ ಅದರ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಈ ಮಳೆಯಿಂದ ರೂಪುಗೊಳ್ಳುವ ಕೆಳಪೊದೆಯೇ, ಅಂದರೆ ದೊಡ್ಡ ಮರಗಳಡಿ ಬೆಳೆಯುವ ಗಿಡಗಂಟಿಗಳ ಪದರವೇ, ಇಲ್ಲಿ ಹಕ್ಕಿಯ ನೆಲೆಯನ್ನು ತೀರ್ಮಾನಿಸುತ್ತದೆ.

ನೆಲೆಯ ಆಯ್ಕೆಯೆಂದರೆ ಲಭ್ಯವಿರುವ ಪ್ರಮಾಣಕ್ಕಿಂತ ಹೆಚ್ಚಾಗಿ ಒಂದು ಬಗೆಯ ಜಾಗವನ್ನು ಪ್ರಾಣಿ ಬಳಸುವುದು. ವನ್ಯಜೀವಿ ವಿಜ್ಞಾನಿ ಡಗ್ಲಸ್ ಜಾನ್ಸನ್ 1980ರಲ್ಲಿ ಇದನ್ನು ಪ್ರಭೇದದ ಭೌಗೋಳಿಕ ವ್ಯಾಪ್ತಿಯಿಂದ ಆರಂಭಿಸಿ ಮೇವಿನ ತಾಣದಲ್ಲಿ ಹೆಕ್ಕುವ ಆಹಾರದವರೆಗೆ ನಾಲ್ಕು ಸ್ತರಗಳಾಗಿ ವಿಂಗಡಿಸಿದರು.

ಈ ವರ್ಗದ ಇಲ್ಲಿನ ಹಕ್ಕಿಗಳಲ್ಲಿ ಬೂದು ಗೌಜಲಹಕ್ಕಿ ಕುರುಚಲು ಮತ್ತು ಹೊಲದ ಬದುಗಳ ಹಕ್ಕಿಯಾದುದರಿಂದ ದಟ್ಟಕಾಡನ್ನು ಒಲ್ಲದು. ಕಾಲಿನಲ್ಲಿ ಒಂದಕ್ಕಿಂತ ಹೆಚ್ಚು ಮುಳ್ಳುಗಳಿರುವ ಚಿಟ್ಟುಕೋಳಿ ಪೊದೆ ಬಿಟ್ಟು ಬಯಲಿಗೆ ಬರುವುದು ವಿರಳ. ಗಾಬರಿಗೊಂಡರೂ ಹಾರುವುದಕ್ಕಿಂತ ಓಡಿ ಮರೆಯಾಗುವುದೇ ಹೆಚ್ಚು. ಕಾಡುಕೋಳಿಗೆ ತೆರಪು, ಪೊದೆ ಎರಡೂ ಬೇಕು: ಬೆಳಗಿನ ಹೊತ್ತು ಕಾಡಿನ ತೆರಪಿನಲ್ಲಿ ತರಗೆಲೆ ಕೆದಕಿ ಗೆದ್ದಲು, ಬೀಜ ಹೆಕ್ಕುವ ಅದು, ಸದ್ದಾದೊಡನೆ ಸೇರಿಕೊಳ್ಳಲು ಹತ್ತಿರದಲ್ಲೇ ಪೊದೆಯನ್ನೂ, ರಾತ್ರಿ ಕೂರಲು ಮರವನ್ನೋ ಬಿದಿರನ್ನೋ ಬಯಸುತ್ತದೆ.

ಬಿದಿರಿನ ಪಾತ್ರ ಇಲ್ಲಿ ವಿಶೇಷ ಗಮನಕ್ಕೆ ಅರ್ಹವಾದುದು. ಹಲವು ದಶಕಗಳಿಗೊಮ್ಮೆ ಬಿದಿರು ಒಟ್ಟಾಗಿ ಹೂಬಿಟ್ಟಾಗ ಉದುರುವ ಬಿದಿರಕ್ಕಿಗೆ ಕಾಡುಕೋಳಿಗಳು ದೊಡ್ಡ ಸಂಖ್ಯೆಯಲ್ಲಿ ನೆರೆಯುತ್ತವೆ. ಆದರೆ ಹೂಬಿಟ್ಟ ಮೆಳೆ ಒಣಗಿ ಸಾಯುವುದರಿಂದ ಮೇವು ಕೊಟ್ಟ ಜಾಗವೇ ಮರೆ ಕಳೆದುಕೊಳ್ಳುತ್ತದೆ. ದಾಂಡೇಲಿ, ಹಳಿಯಾಳಗಳ ತೇಗದ ನೆಡುತೋಪುಗಳಲ್ಲಂತೂ ಮರವಿದ್ದೂ ಕೆಳಪೊದೆ ತೆಳುವಾಗಿರುವೆಡೆ ಈ ಹಕ್ಕಿಗಳಿಗೆ ನೆಲೆಯಿಲ್ಲ. ಬೇಸಿಗೆಯ ಕಾಳ್ಗಿಚ್ಚು ತರಗೆಲೆಯನ್ನೂ, ನೆಲದ ಮೇಲೆ ಗೂಡು ಮಾಡುವ ಚಿಟ್ಟುಕೋಳಿಯ ಮೊಟ್ಟೆಗಳನ್ನೂ ಒಟ್ಟಿಗೇ ಸುಡುತ್ತದೆ. ಹೊರನಾಡಿನ ಪೊದೆಗಿಡವಾದ ಲಂಟಾನಾವನ್ನು ಶತ್ರುವೆಂದು ಮಾತ್ರ ಕಾಣುವುದೂ ಅವಸರದ ತೀರ್ಮಾನವೇ: ಅದು ಹುಲ್ಲನ್ನು ಅಡಗಿಸುತ್ತದೆ ನಿಜ, ಆದರೆ ಸ್ಥಳೀಯ ಪೊದೆ ಅಳಿದೆಡೆ ಹಕ್ಕಿಗೆ ಉಳಿದ ಮರೆ ಕೆಲವೊಮ್ಮೆ ಅದೊಂದೇ. ಆದ್ದರಿಂದ ಅದನ್ನು ಒಮ್ಮೆಲೇ ಕಿತ್ತೊಗೆಯುವುದಕ್ಕಿಂತ, ಸ್ಥಳೀಯ ಗಿಡಗಳು ಚಿಗುರಿದಂತೆ ತುಂಡುತುಂಡಾಗಿ ತೆಗೆಯುವುದು ಸೂಕ್ತ.

ದಾಂಡೇಲಿ ಅಭಯಾರಣ್ಯ 1956ರಲ್ಲಿ ಘೋಷಿತವಾಯಿತು. ಅದನ್ನೂ ಅಣಶಿ ರಾಷ್ಟ್ರೀಯ ಉದ್ಯಾನವನ್ನೂ ಒಳಗೊಂಡ ಹುಲಿ ಸಂರಕ್ಷಿತ ಪ್ರದೇಶಕ್ಕೆ 2015ರಲ್ಲಿ ಕಾಳಿ ನದಿಯ ಹೆಸರು ಬಂತು. ಆದರೆ ಅಲ್ಲಿ ಹುಲಿಯ ಬೇಟೆಪ್ರಾಣಿಗಳಿಗಾಗಿ ನಡೆಯುವ ಎಣಿಕೆ ಈ ಹಕ್ಕಿಗಳಿಗೆ ಸಾಲದು. ರಸ್ತೆಬದಿಯಲ್ಲಿ ಕಂಡವುಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಕಾಡುಕೋಳಿ ರಸ್ತೆಯಂಚನ್ನೇ ಆರಿಸಿಕೊಂಡಂತೆ ತೋರುತ್ತದೆ, ಪೊದೆಯೊಳಗಿನ ಚಿಟ್ಟುಕೋಳಿ ಇಲ್ಲವೇ ಇಲ್ಲವೆನಿಸುತ್ತದೆ. ನಸುಕಿನ ಕೂಗಿನ ಎಣಿಕೆಯ ಜೊತೆಗೆ, ಮರಗಳ ಮೇಲ್ಛಾವಣಿಯ ಬದಲು ಮನುಷ್ಯನ ಮೊಣಕಾಲೆತ್ತರದವರೆಗಿನ ಪೊದೆಯ ದಟ್ಟಣೆಯನ್ನು ಋತುವಿಗೊಮ್ಮೆ ಅಳೆದಾಗ ಮಾತ್ರ, ಹಕ್ಕಿ ಬಳಸಿದ ಜಾಗವನ್ನೂ ಅದಕ್ಕೆ ಲಭ್ಯವಿದ್ದ ಜಾಗವನ್ನೂ ಹೋಲಿಸಲು ಸಾಧ್ಯವಾಗುತ್ತದೆ.