ಅಣುವಿನಿಂದ ಅನ್ನ ಮಾಡುವ ಪೆಟ್ಟಿಗೆ ಮತ್ತು ನಮ್ಮ ತೊಗರಿ ಹೊಲ

ಅಡುಗೆಮನೆಯ ಮೂಲೆಯಲ್ಲಿ ಒಂದು ಪೆಟ್ಟಿಗೆ. ಒಲೆ ಇಲ್ಲ, ಕುಕ್ಕರ್ ಸೀಟಿ ಇಲ್ಲ. ಗುಂಡಿ ಒತ್ತಿದರೆ ಸಾಕು, ಒಳಗಿರುವ ಕಣ್ಣಿಗೆ ಕಾಣದ ಯಂತ್ರಗಳು ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕದ ಪರಮಾಣುಗಳನ್ನು ಒಂದೊಂದಾಗಿ ಜೋಡಿಸಿ ಬಿಸಿ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಲೆ ಮಾಡಿ ಕೊಡುತ್ತವೆ. ನ್ಯಾನೋ ತಂತ್ರಜ್ಞಾನದ ಬಗ್ಗೆ ಸ್ವಲ್ಪ ಓದಿದವರಿಗೆಲ್ಲ ಈ ಕನಸು ಗೊತ್ತು. ಸಾಫ್ಟ್‌ವೇರ್ ಕೆಲಸಕ್ಕೆಂದು ಬೆಂಗಳೂರಿಗೆ ಬಂದು, ಪಿಜಿ ಊಟ ಉಂಡು ನಾಲಿಗೆ ಕೆಟ್ಟಿರುವ ನನ್ನಂಥ ಕಲಬುರಗಿಯವನಿಗಂತೂ ಅದು ನಾಳೆಯೇ ಬಂದರೆ ಬೇಡ ಅನ್ನುವ ಮನಸ್ಸಿಲ್ಲ! ಆದರೆ ಈ ಕನಸಿಗೂ ಒಂದು ಚರಿತ್ರೆ ಇದೆ. ಅದರ ಬೆನ್ನು ಹತ್ತಿದರೆ ಪ್ಯಾರಿಸ್ಸಿನಿಂದ ಹೊರಟು ಕಮಲಾಪುರದ ಹೊಲದಲ್ಲಿ ಬಂದು ನಿಲ್ಲುತ್ತೇವೆ. ಬನ್ನಿ, ಹೇಳ್ತೀನಿ.

1894ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಮಾರ್ಸೆಲಿನ್ ಬರ್ತೆಲೊ ಒಂದು ಭಾಷಣ ಮಾಡಿದ. 2000ನೇ ಇಸವಿಯ ಹೊತ್ತಿಗೆ ಹೊಲವೂ ಇರುವುದಿಲ್ಲ, ಕುರಿ ಕಾಯುವವನೂ ಇರುವುದಿಲ್ಲ, ಮನುಷ್ಯನ ಊಟವನ್ನು ರಸಾಯನಶಾಸ್ತ್ರವೇ ತಯಾರಿಸುತ್ತದೆ ಅಂತ ಅವನ ಭವಿಷ್ಯವಾಣಿ. 2000 ಬಂತು, ಹೋಯಿತು. ಹೊಲಗಳು ಹಾಗೇ ಇವೆ.

ಹಾಗಂತ ಅವನ ಮಾತು ಪೂರ್ತಿ ಸುಳ್ಳಾಗಲಿಲ್ಲ ನೋಡಿ. 1909ರಲ್ಲಿ ಜರ್ಮನಿಯ ಫ್ರಿಟ್ಜ್ ಹೇಬರ್ ಗಾಳಿಯ ಸಾರಜನಕವನ್ನು ಹಿಡಿದು ಅಮೋನಿಯಾ ಮಾಡಿ ತೋರಿಸಿದ. ಕಾರ್ಲ್ ಬಾಷ್ ಅದನ್ನು ದೊಡ್ಡ ಪ್ರಮಾಣಕ್ಕೆ ಬೆಳೆಸಿದ, 1913ರಲ್ಲಿ ಓಪ್ಪೌ ಎಂಬಲ್ಲಿ ಕಾರ್ಖಾನೆ ಶುರುವಾಯಿತು. ಗಾಳಿಯಿಂದ ರೊಟ್ಟಿ ಅಂತ ಜನ ಅದನ್ನು ಕೊಂಡಾಡಿದರು. ಇವತ್ತು ಜಗತ್ತಿನ ಸುಮಾರು ಅರ್ಧದಷ್ಟು ಜನರ ಊಟ ಈ ವಿಧಾನದ ಗೊಬ್ಬರದ ಮೇಲೆ ನಿಂತಿದೆ ಅನ್ನುವುದು ವಿಜ್ಞಾನಿಗಳ ಅಂದಾಜು.

ಆಮೇಲೆ ಬಂದವರು ರಿಚರ್ಡ್ ಫೈನ್‌ಮನ್. 1959ರ ಡಿಸೆಂಬರ್ 29ರಂದು ಮಾಡಿದ ಭಾಷಣದಲ್ಲಿ, ಪರಮಾಣುಗಳನ್ನು ನಮಗೆ ಬೇಕಾದ ಜಾಗದಲ್ಲಿ ಇಡುವುದಕ್ಕೆ ಭೌತಶಾಸ್ತ್ರದ ಯಾವ ನಿಯಮವೂ ಅಡ್ಡ ಬರುವುದಿಲ್ಲ ಅಂದರು. ನ್ಯಾನೋ ತಂತ್ರಜ್ಞಾನ ಎಂಬ ಹೆಸರು ಕೊಟ್ಟವರು ಜಪಾನಿನ ನೊರಿಯೊ ತಾನಿಗುಚಿ, 1974ರಲ್ಲಿ. 1986ರಲ್ಲಿ ಎರಿಕ್ ಡ್ರೆಕ್ಸ್ಲರ್ ತಮ್ಮ ಪುಸ್ತಕದಲ್ಲಿ, ಪರಮಾಣುಗಳನ್ನು ಜೋಡಿಸಿ ಏನು ಬೇಕಾದರೂ ಕಟ್ಟುವ ಪುಟಾಣಿ ಯಂತ್ರಗಳ ಚಿತ್ರ ಬರೆದರು. ಏನು ಬೇಕಾದರೂ ಅಂದಮೇಲೆ ಊಟ ಯಾಕಾಗಬಾರದು?

ಇದಕ್ಕೆ ಗಟ್ಟಿಯಾಗಿ ಎದುರು ನಿಂತವರು ನೊಬೆಲ್ ಪಡೆದ ರಸಾಯನಶಾಸ್ತ್ರಜ್ಞ ರಿಚರ್ಡ್ ಸ್ಮಾಲಿ. 2001ರಲ್ಲಿ ಅವರು ಹಾಕಿದ ಲೆಕ್ಕದ ದಾರಿಯಲ್ಲೇ ನಾನೂ ನಮ್ಮ ರೊಟ್ಟಿಗೆ ಒಂದು ಲೆಕ್ಕ ಹಾಕಿದೆ. 50 ಗ್ರಾಂ ಜೋಳದ ಹಿಟ್ಟು ಬಹುಪಾಲು ಪಿಷ್ಟ. ಅದರಲ್ಲಿರುವ ಪರಮಾಣುಗಳು ಸರಿಸುಮಾರು 4ರ ಮುಂದೆ 24 ಸೊನ್ನೆ. ಒಂದು ನ್ಯಾನೋ ಯಂತ್ರ ಸೆಕೆಂಡಿಗೆ 100 ಕೋಟಿ ಪರಮಾಣು ಜೋಡಿಸುತ್ತದೆ ಅಂದುಕೊಳ್ಳಿ. ಒಂದು ರೊಟ್ಟಿಗೆ 12 ಕೋಟಿ ವರ್ಷಕ್ಕೂ ಹೆಚ್ಚು ಬೇಕು. ಅಷ್ಟೊತ್ತಿಗೆ ಪಲ್ಲೆ ಆರಿರುತ್ತದೆ ಬಿಡಿ :-)

ಡ್ರೆಕ್ಸ್ಲರ್ ಕಡೆಯವರ ಉತ್ತರ ಇಷ್ಟೇ: ಒಂದೇ ಯಂತ್ರ ಯಾಕೆ, ಕೋಟಿ ಕೋಟಿ ಯಂತ್ರಗಳು ಒಟ್ಟಿಗೆ ದುಡಿಯಲಿ. ನಂಬಿಕೆ ಬರದಿದ್ದರೆ ನಮ್ಮದೇ ಜೀವಕೋಶದೊಳಗಿನ ರೈಬೋಸೋಮ್ ನೋಡಿ, ಅದೂ ಅಣುಗಳನ್ನು ಒಂದೊಂದಾಗಿ ಪೋಣಿಸಿ ಪ್ರೋಟೀನ್ ಕಟ್ಟುವ ಯಂತ್ರವೇ ತಾನೆ? 2003ರಲ್ಲಿ ಇಬ್ಬರೂ ಬಹಿರಂಗ ಪತ್ರಗಳಲ್ಲಿ ಜಗಳವಾಡಿದರು. ಜೀವಕೋಶ ಈ ಕೆಲಸ ಮಾಡುವುದು ನೀರಿನಲ್ಲಿ, ತನ್ನದೇ ಕಿಣ್ವಗಳ ಜೊತೆ. ನಿಮ್ಮ ಯಂತ್ರ ಮಾಡುವುದು ಯಾವುದರಲ್ಲಿ ಅಂತ ಸ್ಮಾಲಿ ಕೇಳಿದ ಪ್ರಶ್ನೆ ಇವತ್ತಿಗೂ ತೂಕದ್ದೇ.

ನಮ್ಮ ಕರ್ನಾಟಕದಲ್ಲಿ ಏನಾಯ್ತು? 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ ಸಿಎಫ್‌ಟಿಆರ್‌ಐ ಶುರುವಾಯಿತು. ದೇಶದಲ್ಲಿ ಅಕ್ಕಿಗೆ ತತ್ವಾರವಿದ್ದ ಆ ದಿನಗಳಲ್ಲಿ ಅಲ್ಲಿನ ವಿಜ್ಞಾನಿಗಳು ಮರಗೆಣಸಿನ ಹಿಟ್ಟು, ಶೇಂಗಾ ಹಿಟ್ಟು ಬೆರೆಸಿ ಯಂತ್ರದಲ್ಲಿ ಒತ್ತಿ ಕೃತಕ ಅಕ್ಕಿ ಮಾಡಿದರು. ಪೌಷ್ಟಿಕಾಂಶದ ಲೆಕ್ಕದಲ್ಲಿ ಒಳ್ಳೆಯದೇ. ಆದರೆ ಇವತ್ತು ಯಾರ ಮನೆಯಲ್ಲಿ ಆ ಅನ್ನ ಮಾಡ್ತಾರೆ ಹೇಳಿ?

ಅದೇ ಸಂಸ್ಥೆಯ ಇನ್ನೊಂದು ಕೆಲಸ ಮಾತ್ರ ನಮ್ಮ ಭಾಗಕ್ಕೆ ನೇರವಾಗಿ ಸಂಬಂಧಪಟ್ಟದ್ದು. ಕಲಬುರಗಿ ಅಂದರೆ ತೊಗರಿ ಕಣಜ, ಊರ ತುಂಬ ಬ್ಯಾಳಿ ಮಿಲ್ಲು. ತೊಗರಿಯ ಸಿಪ್ಪೆಗೂ ಒಳಗಿನ ಬೇಳೆಗೂ ನಡುವೆ ತೆಳ್ಳನೆಯ ಅಂಟಿನ ಪದರ ಇರುತ್ತದೆ. ಆ ಅಂಟು ಬಿಡಿಸುವುದೇ ಮಿಲ್ಲಿನ ಇಡೀ ಕಥೆ. ಹಳೆಯ ಪದ್ಧತಿಯಲ್ಲಿ ಎಣ್ಣೆ, ನೀರು ಸವರಿ ದಿನಗಟ್ಟಲೆ ಬಿಸಿಲಿಗೆ ಹಾಕಬೇಕು, ಮೋಡ ಬಂದರೆ ಕೆಲಸ ನಿಂತಂತೆ. 100 ಕಿಲೋ ತೊಗರಿಗೆ ಬೇಳೆ ಸಿಗುತ್ತಿದ್ದದ್ದು 70-75 ಕಿಲೋ, ಉಳಿದದ್ದು ನುಚ್ಚು, ಹೊಟ್ಟು. ಸಿಎಫ್‌ಟಿಆರ್‌ಐ ಬಿಸಿಗಾಳಿಯ ವಿಧಾನ ರೂಪಿಸಿ ಅದನ್ನು 80 ಕಿಲೋ ಆಸುಪಾಸಿಗೆ ತಂದಿತು. ಅಣುವಿನ ಮಟ್ಟದ ಒಂದು ಸಣ್ಣ ಅಂಟಿನ ಗುಟ್ಟು ಗೊತ್ತಾದರೆ ತಟ್ಟೆಗೆ ಎಷ್ಟು ಬೇಳೆ ಹೆಚ್ಚು ಬೀಳುತ್ತೆ ನೋಡಿ. ಆದರೂ ಈ ಯಂತ್ರಗಳಲ್ಲಿ ಯಾವುದೂ ತೊಗರಿಯನ್ನು ಹುಟ್ಟಿಸಲಿಲ್ಲ, ಹೊಲದಿಂದ ಬಂದ ತೊಗರಿಯನ್ನು ಒಡೆದವು ಅಷ್ಟೇ.

ಕಮಲಾಪುರದ ಹತ್ತಿರ ನಮ್ಮ ಕಾಕಾನ ಹೊಲ ಇದೆ. ಹಬ್ಬಕ್ಕೆ ಹೋದಾಗ ಅವರಿಗೆ ಈ ಪೆಟ್ಟಿಗೆಯ ವಿಷಯ ವಿವರಿಸಿದೆ.

"ನ್ಯಾನೋ ಅಂದ್ರ ಆ ಯೂರಿಯಾ ಬಾಟ್ಲಿ ಏನೋ ತಮ್ಮಾ?" ಅಂದರು. 2021ರಲ್ಲಿ ಇಫ್ಕೊ ಬಿಡುಗಡೆ ಮಾಡಿದ ಅರ್ಧ ಲೀಟರಿನ ನ್ಯಾನೋ ಯೂರಿಯಾ! ನ್ಯಾನೋ ಎಂಬ ಪದ ಹಳ್ಳಿಗೆ ಬಂದದ್ದು ಆ ಬಾಟಲಿಯಲ್ಲಿ. ಅದು ಒಂದು ಚೀಲ ಯೂರಿಯಾಕ್ಕೆ ಸಮ ಎಂಬ ಮಾತನ್ನು ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ, ಅದು ಬೇರೆ ಮಾತು.

"ಅಲ್ಲ ಕಾಕಾ, ಇದು ಡಬ್ಬಿ. ಗಾಳಿ, ನೀರು, ಕರೆಂಟು ಕೊಟ್ರ ಊಟ ಕೊಡ್ತದ."

"ಕರೆಂಟ್ ಬೇಕೇನು? ಹಂಗಾದ್ರ ಆ ಡಬ್ಬಿ ನಮ್ಮೂರಾಗ ಉಪವಾಸನ ಕೂಡ್ತದ ತಗೋ. ನಮ್ಮ ತೊಗರೀನೂ ಗಾಳಿ, ನೀರೇ ಉಣ್ತದಲ್ಲ, ಬಿಲ್ ಬರಂಗಿಲ್ಲ."

ನಗೆಮಾತಿಗೆ ಅಂದದ್ದು. ಆದರೆ ವಿಜ್ಞಾನವೂ ಅದನ್ನೇ ಹೇಳುತ್ತದೆ. ತೊಗರಿ ಗಿಡ ಕಿತ್ತು ಬೇರು ನೋಡಿ, ಸಣ್ಣ ಸಣ್ಣ ಗಂಟುಗಳಿರುತ್ತವೆ. ಅದರೊಳಗೆ ರೈಝೋಬಿಯಂ ಜಾತಿಯ ಬ್ಯಾಕ್ಟೀರಿಯಾಗಳು. ಅವುಗಳಲ್ಲಿರುವ ನೈಟ್ರೋಜಿನೇಸ್ ಎಂಬ ಕಿಣ್ವ, ಕೆಲವೇ ನ್ಯಾನೋಮೀಟರ್ ಗಾತ್ರದ್ದು, ಗಾಳಿಯ ಸಾರಜನಕವನ್ನು ಒಡೆದು ಅಮೋನಿಯಾ ಮಾಡುತ್ತದೆ. ಹೇಬರ್-ಬಾಷ್ ಕಾರ್ಖಾನೆಗೆ ಇದೇ ಕೆಲಸಕ್ಕೆ 400-500 ಡಿಗ್ರಿ ಶಾಖ, ವಾತಾವರಣದ 150-200 ಪಟ್ಟು ಒತ್ತಡ ಬೇಕು. ನಮ್ಮ ಕರಿ ಎರೆ ಮಣ್ಣಿನೊಳಗೆ ಅದು ಸದ್ದಿಲ್ಲದೆ ನಡೆಯುತ್ತದೆ. ಡ್ರೆಕ್ಸ್ಲರ್ ಕನಸಿನ ಯಂತ್ರ ಎಲ್ಲಾದರೂ ಇದ್ದರೆ ಇಲ್ಲಿದೆ.

ಆದರೆ ಈ ಯಂತ್ರ ಇಟ್ಟುಕೊಂಡವನ ಗತಿ? 2022ರಲ್ಲಿ ಬಿತ್ತಿದ ತೊಗರಿ ಕಲಬುರಗಿ ಜಿಲ್ಲೆಯಲ್ಲಿ ನೆಟೆ ರೋಗಕ್ಕೆ ಸಿಕ್ಕು ಕಾಯಿ ಕಟ್ಟುವ ಹೊತ್ತಿಗೆ ಒಣಗಿಹೋಯಿತು. ಮಣ್ಣಿನಲ್ಲಿರುವ ಒಂದು ಶಿಲೀಂಧ್ರದ ಕೆಲಸ ಅದು. ಕಮಲಾಪುರದ ಕೆಂಪು ಬಾಳೆ ನೋಡಿ. ಭೌಗೋಳಿಕ ಸೂಚಿಕೆ ಅಂದರೆ ಜಿಐ ಮಾನ್ಯತೆ ಇದೆ, 2019ರಲ್ಲಿ ನಮ್ಮ ತೊಗರಿಬೇಳೆಗೂ ಸಿಕ್ಕಿತು. ಆದರೆ ಕೆಂಪು ಬಾಳೆಯ ಗೊನೆ ಕೈಗೆ ಬರಲು ಒಂದೂವರೆ ವರ್ಷದ ಹತ್ತಿರ ಕಾಯಬೇಕು. ಬೇರೆ ಬಾಳೆ ಅದಕ್ಕಿಂತ ಬೇಗ ದುಡ್ಡು ಕೊಡುತ್ತದೆ. ಹೀಗಾಗಿ ಬೆಳೆಯುವವರೇ ಕಡಿಮೆಯಾಗಿದ್ದಾರೆ. ಒಂದು ತಳಿ ಹೋದರೆ ಅದರೊಳಗಿನ ಪ್ರೋಗ್ರಾಮೂ ಹೋದಂತೆ. ಬ್ಯಾಕಪ್ ಇಲ್ಲದ ಸೋರ್ಸ್ ಕೋಡ್ ಡಿಲೀಟ್ ಆದರೆ ಏನಾಗುತ್ತೆ ಅಂತ ನಮ್ಮ ವೃತ್ತಿಯವರಿಗೆ ಹೇಳಬೇಕಿಲ್ಲ.

ಇನ್ನೊಂದು ಮಾತು. ಪೆಟ್ಟಿಗೆ ಬಂದರೆ ಹಸಿವು ಹೋಗುತ್ತೆ ಅನ್ನುತ್ತಾರಲ್ಲ, ಅಲ್ಲಿ ನಮ್ಮೂರ ಚರಿತ್ರೆ ಕೈ ಹಿಡಿದು ಜಗ್ಗುತ್ತದೆ. 14ನೇ ಶತಮಾನದ ಕೊನೆಯಲ್ಲಿ ದಖ್ಖನಿನಲ್ಲಿ ಘೋರ ಬರ ಬಿತ್ತು. ಆಗ ಕಲಬುರಗಿಯಲ್ಲಿ ಆಳುತ್ತಿದ್ದವನು ಬಹಮನಿ ಸುಲ್ತಾನ ಎರಡನೇ ಮುಹಮ್ಮದ್ ಷಾ. ಅವನು ಸಾವಿರಾರು ಎತ್ತುಗಳನ್ನು ಮಾಳ್ವ, ಗುಜರಾತಿಗೆ ಓಡಾಡಿಸಿ ಧಾನ್ಯ ತರಿಸಿ ಕಡಿಮೆ ಬೆಲೆಗೆ ಮಾರಿಸಿದ ಅಂತ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ನಾಲ್ಕು ಶತಮಾನದ ನಂತರ ಅದೇ ಊರಲ್ಲಿ ಶರಣಬಸವೇಶ್ವರರ ದಾಸೋಹ. ಬಂದವರಿಗೆಲ್ಲ ಅನ್ನ. ಎರಡೂ ಕಡೆ ಹೊಸ ಯಂತ್ರವೇನೂ ಇರಲಿಲ್ಲ. ಮಾಳ್ವದಲ್ಲಿ ಕಾಳಿತ್ತು, ಅದನ್ನು ತರಿಸಿ ಅಗ್ಗಕ್ಕೆ ಕೊಡಬೇಕು ಅಂತ ಒಬ್ಬನಿಗೆ ಅನ್ನಿಸಿತು.

ಈ ಪೆಟ್ಟಿಗೆ ತುಂಡು ತುಂಡಾಗಿ ಬರುತ್ತಲೇ ಇದೆ. 2013ರಲ್ಲಿ ಪ್ರಯೋಗಾಲಯದಲ್ಲಿ ಬೆಳೆಸಿದ ಮಾಂಸದ ಬರ್ಗರನ್ನು ಲಂಡನ್ನಿನಲ್ಲಿ ತಿಂದು ತೋರಿಸಿದರು, 2020ರಲ್ಲಿ ಸಿಂಗಪುರ ಅಂಥ ಕೋಳಿಮಾಂಸದ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು. ಉಳಿದ ತುಂಡುಗಳೂ ಬರಲಿ, ನಾನೇ ಮೊದಲು ಕ್ಯೂ ನಿಲ್ಲುತ್ತೇನೆ. ಆದರೆ ಅದರೊಳಗಿನ ಪಾಕವಿಧಾನದ ಫೈಲು ಯಾರ ಹೆಸರಲ್ಲಿ ಪೇಟೆಂಟ್ ಆಗಿರುತ್ತೆ? ಒಂದು ತುತ್ತಿಗೆ ಇಷ್ಟು ಅಂತ ಲೈಸೆನ್ಸ್ ಶುಲ್ಕ ಕಟ್ಟಬೇಕಾ? ತೊಗರಿ ಬೀಜವನ್ನು ಕಾಕಾ ಬೂದಿ ಬೆರೆಸಿ ಗಡಿಗೆಯಲ್ಲಿ ಇಟ್ಟುಕೊಳ್ಳುತ್ತಾರೆ, ಮುಂದಿನ ವರ್ಷ ಯಾರನ್ನೂ ಕೇಳದೆ ಬಿತ್ತುತ್ತಾರೆ. ಪೆಟ್ಟಿಗೆ ಕೊಳ್ಳುವ ಮೊದಲು ಆ ಗಡಿಗೆಯನ್ನು ಜೋಪಾನ ಮಾಡೋಣ ಅನ್ನುವುದು ನನ್ನ ಅನಿಸಿಕೆ.

ನಿಮ್ಮೂರ ಕಡೆ ಹೀಗೆ ಕಣ್ಮರೆಯಾಗುತ್ತಿರುವ ಬೆಳೆ ಯಾವುದು? ಗೊತ್ತಿದ್ದರೆ ಬರೆಯಿರಿ, ಓದೋಣ.