ಚಿಲ್ಲದ ಬೀಜವೂ ತಿಳಿನೀರೂ

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಮಾರ್ಗದಲ್ಲಿ, ಗಡಿಗೆ ಮುನ್ನ ದೊರೆಯುವ ಕಾಡಿನೂರು ಪುಣಜನೂರು. ಅಲ್ಲಿಂದ ಬಿಳಿಗಿರಿರಂಗನ ಬೆಟ್ಟದತ್ತ ಹಬ್ಬಿರುವ, ಬೇಸಗೆಯಲ್ಲಿ ಎಲೆಯುದುರುವ ಕಾಡಿನ ಮರಗಳಲ್ಲಿ ಚಿಲ್ಲವೂ ಒಂದು. ಸಂಸ್ಕೃತದಲ್ಲಿ ಇದಕ್ಕೆ ಕತಕವೆಂದು ಹೆಸರು. ಗಡಿಯಾಚೆಯ ತಮಿಳರು ಇದನ್ನು ತೇತ್ತಾ ಎನ್ನುವರು. ಆ ಹೆಸರು ‘ತಿಳಿಯಾಗು’ ಎಂಬರ್ಥದ ಧಾತುವಿನಿಂದ ಹುಟ್ಟಿದುದು. 1782ರಲ್ಲಿ ಕಿರಿಯ ಲಿನೇಯಸನು ಇಟ್ಟ ಲ್ಯಾಟಿನ್ ಹೆಸರಿನಲ್ಲಿಯೂ ‘ನೀರು ಕುಡಿಯುವವರ ಮರ’ ಎಂಬ ಭಾವವೇ ಇರುವುದು.

ಈ ಬೀಜದ ಉಪಯೋಗವು ಬಹು ಪುರಾತನವಾದುದು. ಸುಶ್ರುತಸಂಹಿತೆಯಲ್ಲಿ ಕಲುಷಜಲವನ್ನು ತಿಳಿಮಾಡುವ ಏಳು ದ್ರವ್ಯಗಳನ್ನು ಹೇಳುವಲ್ಲಿ ಕತಕವೇ ಮೊದಲನೆಯದು. ತಾವರೆಯ ಗೆಡ್ಡೆ, ಪಾಚಿಯ ಬೇರು, ಬಟ್ಟೆ ಮುಂತಾದವು ಆಮೇಲೆ ಬರುವುವು. ಆರನೆಯ ಶತಮಾನದ ವರಾಹಮಿಹಿರನು ಕೆಟ್ಟ ಬಾವಿಯ ನೀರಿಗೆ ಕೊನ್ನಾರಿ, ಲಾವಂಚ, ನೆಲ್ಲಿ ಮುಂತಾದವುಗಳ ಪುಡಿಯನ್ನು ಕತಕದೊಡನೆ ಸೇರಿಸಿ ಹಾಕಬೇಕೆಂದು ವಿಧಿಸಿದನು. ಮಣ್ಣಿನ ಗಡಿಗೆಯ ಒಳಮೈಗೆ ಬೀಜವನ್ನು ತೇಯ್ದು, ಕದಡಿದ ನೀರನ್ನು ತುಂಬಿಟ್ಟು, ಮಡ್ಡಿ ತಳಕ್ಕಿಳಿದ ಮೇಲೆ ತಿಳಿಯನ್ನು ಬಗ್ಗಿಸಿಕೊಳ್ಳುವುದು ರೂಢಿ.

ಇದರ ಮರ್ಮವನ್ನು ಇಂದಿನ ರಸಾಯನಶಾಸ್ತ್ರವು ವಿವರಿಸುತ್ತದೆ. ನೀರಿನಲ್ಲಿ ತೇಲುವ ಮಣ್ಣಿನ ಸೂಕ್ಷ್ಮಕಣಗಳು ಒಂದೇ ಬಗೆಯ ವಿದ್ಯುದಂಶವುಳ್ಳವಾದುದರಿಂದ ಒಂದನ್ನೊಂದು ದೂರ ತಳ್ಳುವುವು. ಬೀಜದಲ್ಲಿರುವ ಉದ್ದನೆಯ ಶರ್ಕರಾಸರಣಿಗಳು ಅವನ್ನು ಬೆಸೆದು ಗಂಟುಕಟ್ಟಿಸಲು, ಭಾರದಿಂದ ಅವು ಕೆಳಗಿಳಿಯುವುವು. ಆದರೆ ತಿಳಿಯಾದುದೆಲ್ಲವೂ ಶುದ್ಧವಲ್ಲ. ಕೆಲವು ರೋಗಾಣುಗಳು ಮಡ್ಡಿಯೊಡನೆ ಇಳಿದರೂ ಎಲ್ಲವೂ ಇಳಿಯವು. ಕರಗಿದ ವಿಷಗಳು ಹಾಗೆಯೇ ಉಳಿಯಬಹುದು. ಸುಶ್ರುತನೂ ನೀರನ್ನು ಕಾಯಿಸುವುದನ್ನು ಬೇರೆಯಾಗಿಯೇ ಹೇಳಿರುವನು.

ಮಳೆಗಾಲದ ಕೆಂಪುನೀರಿಗೆ ಸಾಕಾದ ಉಪಾಯವು ಪಟ್ಟಣದ ಚರಂಡಿನೀರಿಗೆ ಸಾಲದು. ಅದಕ್ಕೂ ಸಸ್ಯಗಳ ನೆರವುಂಟು. 1950ರ ದಶಕದಲ್ಲಿ ಜರ್ಮನಿಯ ಕೇಟೆ ಸೈಡೆಲ್ ಎಂಬ ವಿದುಷಿಯು ಜೊಂಡುಜಾತಿಯ ಗಿಡಗಳಿಂದ ಕೊಳಕುನೀರನ್ನು ಶುದ್ಧಿಮಾಡುವ ಪ್ರಯೋಗಗಳನ್ನು ನಡೆಸಿದಳು. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ, ಯಂತ್ರಾಗಾರದಲ್ಲಿ ಸಂಸ್ಕರಿಸಿದ ಚರಂಡಿನೀರನ್ನು ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುವ ಏರ್ಪಾಡನ್ನು ಮಾಡಲಾಯಿತು. ಬೇರುಗಳಿಗಂಟಿದ ಜೀವಾಣುಗಳು ಕೊಳೆಯನ್ನು ಒಡೆಯುವುವು. ಗಿಡಗಳು ಸಾರಜನಕ ರಂಜಕಗಳನ್ನು ಹೀರುವುವು. ಆದರೆ ಬೆಳೆದ ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಹಾಕದಿದ್ದರೆ, ಅದು ಅಲ್ಲಿಯೇ ಕೊಳೆತು ಹೀರಿದುದನ್ನು ಮರಳಿ ನೀರಿಗೇ ಕೊಡುವುದು.

ಕತಕದ ಫಲವು ನೀರನ್ನು ತಿಳಿಮಾಡುವುದು ನಿಜವಾದರೂ ಅದರ ಹೆಸರನ್ನು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂದು ಮನುಸ್ಮೃತಿಯು ಧರ್ಮಾಚರಣೆಗೆ ದೃಷ್ಟಾಂತವಾಗಿ ಹೇಳಿದೆ. ಪೂರ್ವಿಕರ ಜಾಣ್ಮೆಯನ್ನು ಹೊಗಳುವವರಿಗೂ ಹೊಸ ವಿದ್ಯೆಯನ್ನು ನಂಬುವವರಿಗೂ ಆ ಮಾತು ಸಮನಾಗಿ ಸಲ್ಲುವುದು. ಬೀಜವನ್ನು ತೇಯುವ ಕೈಯೂ ಜೊಂಡನ್ನು ಕೊಯ್ಯುವ ಕೈಯೂ ಇಲ್ಲದೆಡೆ ಯಾವ ಮರವೂ ನೀರನ್ನು ಕಾಯಲಾರದು.